ನೀರು ತಾಗಬಾರದ ದೋಣಿ

ಈ ಸಂಕ್ರಾಂತಿಗೆ ನಮ್ಮ ಅತ್ತೆಯವರನ್ನು ಮೋಟಾರು ದೋಣಿಯಲ್ಲಿ ಕೂರಿಸಿ ತುಂಗಭದ್ರೆಯ ಮೇಲೆ ಮೆರೆಸಿಯೇ ತೀರುತ್ತೇನೆ ಎಂದು ನಾನು ಶಪಥ ಮಾಡಿದ್ದು ದೇಶನೂರಿನ ದನದ ಕೊಟ್ಟಿಗೆಯಲ್ಲಿ, ಎರಡು ಎಮ್ಮೆಗಳ ಸಮ್ಮುಖದಲ್ಲಿ. ಪುರಾಣದಲ್ಲಿ ಯಾರಾದರೂ ಶಪಥ ಮಾಡಿದರೆ ಆಕಾಶದಿಂದ ಹೂಮಳೆ ಸುರಿಯುತ್ತದೆ. ನನ್ನ ಶಪಥಕ್ಕೆ ಒಂದು ಎಮ್ಮೆ ಸಗಣಿ ಹಾಕಿತು!

ದೇಶನೂರು ನನ್ನ ಹೆಂಡತಿ ಅರುಣಾಳ ತವರು. ದಸರಾಕ್ಕೆ ಹೋಗಿದ್ದಾಗ, ಎಮ್ಮೆಗಳು ಇಷ್ಟು ವರ್ಷ ಮೇವು ತಿನ್ನುತ್ತಿದ್ದ ಮರದ ತೊಟ್ಟಿಗೆ ಚೂಪು ಮೂತಿ ಇರುವುದು ನನ್ನ ಕಣ್ಣಿಗೆ ಬಿತ್ತು. ಹುಲ್ಲು ಸರಿಸಿ ನೋಡಿದರೆ ತೇಗದ ಹಲಗೆಯ, ಇಂಜಿನ್ ಕಳಚಿದ ಹಳೇ ಮೋಟಾರು ದೋಣಿ! ಅಣೆಕಟ್ಟಿನಲ್ಲಿದ್ದ ಸಾಹೇಬರೊಬ್ಬರು ವರ್ಗವಾಗಿ ಹೋಗುವಾಗ ನಮ್ಮ ಮಾವ ಹಾಲಸಿದ್ದಪ್ಪನವರು ಹರೆಯದ ಹುಮ್ಮಸ್ಸಿನಲ್ಲಿ ಕೊಂಡಿದ್ದರಂತೆ. ಮಾವ ಈಗಿಲ್ಲ. ಅತ್ತೆ ಹೊನ್ನೂರಮ್ಮ ದೋಣಿಯ ಅಂಚನ್ನು ಸೆರಗಿನಿಂದ ಒರೆಸುತ್ತ ಹೇಳಿದರು:

"ಊರ ಮಂದೀನೆಲ್ಲ ಇದರಾಗ ಹೊಳಿ ದಾಟಿಸ್ಯಾರ್ರಿ ಅವರು. ನಾ ಕೇಳಿದ್ರ ಮಾತ್ರ, ನಾಳೆ ಕುಂಡ್ರಂತಿ ಅಂತಿದ್ರು. ಆ ನಾಳೆ ಬರಲೇ ಇಲ್ಲ."

ನಗುತ್ತಲೇ ಹೇಳಿದರು. ಆದರೆ ಮೊಣಕಾಲು ಹಿಡಿದುಕೊಂಡು, ಇನ್ನೆಷ್ಟು ಸಂಕ್ರಾಂತಿ ನೋಡುತ್ತೇನೋ ಎಂದೂ ಸೇರಿಸಿದರು. ನನಗೆ ತಡೆಯಲಾಗಲಿಲ್ಲ. ಶಪಥ ಬಾಯಿಂದ ಹಾರಿಬಿಟ್ಟಿತು.

ದೋಣಿ ಟ್ರ್ಯಾಕ್ಟರ್ ಹತ್ತಿ ಬಳ್ಳಾರಿಯ ಗಾಂಧಿನಗರಕ್ಕೆ, ನಮ್ಮ ಮನೆಯಂಗಳಕ್ಕೆ ಬಂತು. ಅತ್ತ ಎಮ್ಮೆಗಳು ಸಿಮೆಂಟಿನ ತೊಟ್ಟಿಗೆ ಬಾಯಿ ಹಾಕದೆ ಮುಷ್ಕರ ಹೂಡಿದವಂತೆ. ಇತ್ತ ಬೀದಿಯವರಿಗೆ ಹಬ್ಬವೋ ಹಬ್ಬ. ವಾರಕ್ಕೊಮ್ಮೆ ನಳದಲ್ಲಿ ನೀರು ಬಂದರೆ ಕೈ ಮುಗಿಯುವ ಊರಿನಲ್ಲಿ ದೋಣಿ! ಎದುರು ಮನೆಯ ರಾಮಪ್ಪನವರು ದಿನಾ ಹಾಲಿಗೆ ಹೋಗುವಾಗ ಗೇಟಿನ ಹತ್ತಿರ ನಿಂತು, ಪ್ರಳಯ ಯಾವಾಗ ಎಂದು ವಿಚಾರಿಸಿಕೊಳ್ಳುತ್ತಿದ್ದರು.

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನದು ನಲ್ಲಿ, ಪೈಪು, ಬಣ್ಣ ಮಾರುವ ಅಂಗಡಿ. ನೀರಿನ ವಿಷಯವನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಖರ್ಚೂ ಬೇಕಾಗಿರಲಿಲ್ಲ. ಗಿರಾಕಿಗಳು ಬೇಡವೆಂದು ವಾಪಸು ತಂದಿಟ್ಟ ಅರ್ಧರ್ಧ ಡಬ್ಬಿಗಳ ಬಣ್ಣ ಸಾಕಷ್ಟಿತ್ತು. ಹೀಗಾಗಿ ದೋಣಿಯ ಬಲಗಡೆ ಆಸ್ಪತ್ರೆಯ ಹಸಿರು, ಎಡಗಡೆ ಮದುವೆ ಮಂಟಪದ ಗುಲಾಬಿ. ಹಲಗೆಗಳ ನಡುವಿನ ಸಂದಿಗೆ ತುರುಕಲು, ಜೀನ್ಸ್ ಹೊಲಿಯುವ ಗೆಳೆಯ ದುರ್ಗೇಶ್ ಒಂದು ಮೂಟೆ ಚಿಂದಿ ಪುಕ್ಕಟೆ ಕೊಟ್ಟ. ಲೋಕದಲ್ಲಿ ಜೀನ್ಸ್ ತೊಟ್ಟ ಮೊದಲ ದೋಣಿ ನಮ್ಮದೇ ಇರಬೇಕು.

ನನ್ನ ಮೂಲಮಂತ್ರ ಒಂದೇ. ಮರಕ್ಕೆ ಶತ್ರು ನೀರು! ದೋಣಿಯ ಮೇಲೆ ಹನಿ ನೀರು ಬೀಳದಂತೆ ನಾನು ಕಾವಲು ಕಾದೆ. ಅರುಣಾ ತುಳಸಿಗೆ ನೀರು ಹಾಕಿದರೂ ಓಡಿ ಬಂದು ಒರೆಸಿದೆ. ಬಳ್ಳಾರಿಯ ಬಿಸಿಲಲ್ಲಿ ಹಪ್ಪಳ ಒಣಗಿಸಿದಂತೆ ಒಣಗಿಸಿದೆ. ಒಣಗಿದಷ್ಟೂ ಸಂದಿ ಅಗಲವಾಗುತ್ತ ಹೋಯಿತು. ಸಂದಿ ಅಗಲವಾದಷ್ಟೂ ನಾನು ಚಿಂದಿ ತುರುಕುತ್ತ ಹೋದೆ. ಕೊನೆಗೆ ದೋಣಿಯೊಳಗೆ ಕೂತರೆ ಹಲಗೆಗಳ ನಡುವೆ ನೆಲದ ಇರುವೆ ಕಾಣುತ್ತಿತ್ತು. ಅತ್ತೆಯವರು ಫೋನಿನಲ್ಲಿ ಏನೋ ಹೇಳಲು ಬಾಯಿ ತೆರೆದಾಗಲೆಲ್ಲ ನಾನು, ಎಲ್ಲ ನನಗೆ ಬಿಡಿ ಎಂದು ಧೈರ್ಯ ತುಂಬಿ ಫೋನ್ ಇಟ್ಟುಬಿಡುತ್ತಿದ್ದೆ.

ಹಬ್ಬ ಹತ್ತಿರ ಬಂದಾಗ ಇಂಜಿನ್ನಿಗಾಗಿ ಕುರುಗೋಡಿಗೆ ಹೋದೆ. ಅಲ್ಲಿನ ಸಂತೆಯ ಹತ್ತಿರ ಪಂಪ್‌ಸೆಟ್ ರಿಪೇರಿ ಮಾಡುವ ಎರ್ರಿ ಒಂದು ಮುದಿ ಸೀಮೆಎಣ್ಣೆ ಇಂಜಿನ್ ತೋರಿಸಿದ. "ಓಡತೈತ್ರಿ. ಆದ್ರ ಹುಟ್ಟಿದಾಗಿಂದ ಹೊಲಗದ್ದಿಗೆ ನೀರು ಎತ್ತಿ ರೂಢಿ. ದೋಣಿ ನೂಕಂದ್ರ ಏನಂತೈತೋ ಗೊತ್ತಿಲ್ಲ" ಎಂದ. ನಾನು ಅದಕ್ಕೂ ಧೈರ್ಯ ತುಂಬಿ, ಹಬ್ಬದ ದಿನ ಹೊಳೆ ದಂಡೆಗೇ ತಂದು ಕೂರಿಸಲು ಹೇಳಿ, ರಾಜಗಾಂಭೀರ್ಯದಿಂದ ಮನೆಗೆ ಬಂದೆ.

ಬಂದು ನೋಡಿದರೆ, ಗೇಟಿನಿಂದ ಬೀದಿಗೆ ನದಿ ಹರಿಯುತ್ತಿದೆ! ಅಂದು ನಳ ಬಂದಿತ್ತು. ನಳ ಬಂದರೆ ನಮ್ಮ ಬಳ್ಳಾರಿಯ ಮನೆಗಳಲ್ಲಿ ಕೊಡ, ಬಕೀಟು, ಡ್ರಮ್ಮು, ಕುಕ್ಕರು, ಕೊನೆಗೆ ದೇವರ ಮನೆಯ ತಂಬಿಗೆಯವರೆಗೆ ಖಾಲಿ ಎಂಬುದು ಏನೂ ಉಳಿಯಬಾರದು. ಅರುಣಾ ಎಲ್ಲ ತುಂಬಿದ್ದಳು. ನೀರು ಇನ್ನೂ ಬರುತ್ತಿತ್ತು. ಅಂಗಳದಲ್ಲಿ ಅಷ್ಟು ದೊಡ್ಡ ಪಾತ್ರೆ ಖಾಲಿ ಬಿದ್ದಿರುವುದನ್ನು ಕಂಡು ಅವಳ ಕೈ ಸುಮ್ಮನಿರಲಿಲ್ಲ. ಪೈಪು ತೆಗೆದು ದೋಣಿಗೆ ಬಿಟ್ಟಿದ್ದಳು. ಅದೋ, ಬಂದ ನೀರನ್ನೆಲ್ಲ ಸಂದಿಸಂದಿಯಿಂದ ಕಾರಂಜಿಯಂತೆ ಚಿಮ್ಮಿಸುತ್ತಿತ್ತು.

ನಾನು ತಲೆಯ ಮೇಲೆ ಕೈ ಹೊತ್ತು ಕೂಗಾಡಿದೆ. ಮೂರು ತಿಂಗಳ ತಪಸ್ಸು ಮಣ್ಣುಪಾಲಾಯಿತು ಎಂದೆ. ಅವಳು ಪೈಪು ಬಿಡದೆ ಕೇಳಿದಳು:

"ಅಲ್ರೀ, ನೀರು ಕಂಡ್ರ ಕೆಡೋ ದೋಣಿ ತಗೊಂಡು ಹಬ್ಬದ ದಿನ ಹೊಳಿಯಾಗ ಏನ್ ಮಾಡಾವ್ರು?"

ವಾದದಲ್ಲಿ ಸೋತ ಗಂಡಸು ಮಾಡುವ ಕೆಲಸವನ್ನೇ ಮಾಡಿದೆ. ಅಂಗಡಿಗೆ ಹೋಗಿ ಕೂತೆ. ಅವಳು ಮಾತ್ರ, ಹಬ್ಬಕ್ಕೆ ಬರುವ ನೆಂಟರಿಗೆ ನೀರು ಬೇಕಲ್ಲ ಎಂದು, ಸೋರಿದ್ದನ್ನು ಬಕೀಟಿನಲ್ಲಿ ಹಿಡಿದು ಮತ್ತೆ ಸುರಿಯುತ್ತ ದೋಣಿಯನ್ನು ತುಂಬುತ್ತಲೇ ಹೋದಳು. ಬಟ್ಟೆ ಒಗೆದದ್ದು ದೋಣಿಯ ನೀರಿನಲ್ಲಿ. ಮನೆ ತೊಳೆದದ್ದೂ ಅದರಲ್ಲೇ. ದಿನ ಕಳೆದಂತೆ ಸೋರುವುದು ಕಡಿಮೆಯಾಗಿ, ಕೊನೆಗೆ ನಿಂತೇಹೋಯಿತು. ನನ್ನ ಜೀನ್ಸ್ ಚಿಂದಿಯ ಪ್ರತಾಪ ಎಂದು ನಾನು ಒಳಗೊಳಗೇ ಬೆನ್ನು ತಟ್ಟಿಕೊಂಡೆ.

ಸಂಕ್ರಾಂತಿಯ ದಿನ ಸಿರುಗುಪ್ಪದ ಹತ್ತಿರ ಹೊಳೆ ದಂಡೆಯಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಯ ಬುತ್ತಿಗಳೊಂದಿಗೆ ಬಂಧುಬಳಗವೆಲ್ಲ ನೆರೆದಿತ್ತು. ಎರ್ರಿ ಇಂಜಿನ್ ಕೂರಿಸಿದ. ದೋಣಿಯನ್ನು ನೀರಿಗಿಳಿಸಿದರು. ನಾನು ಕಣ್ಣು ಮುಚ್ಚಿ ಕುಲದೇವರನ್ನು ನೆನೆದೆ. ಕಣ್ಣು ತೆರೆದಾಗ, ಹಸಿರು ಗುಲಾಬಿಯ ನಮ್ಮ ದೋಣಿ ತೇಲುತ್ತಿತ್ತು! ಒಳಗೆ ಹನಿ ನೀರಿಲ್ಲ.

ಅತ್ತೆಯವರನ್ನು ಇಬ್ಬರು ಎತ್ತಿ ಕೂರಿಸಿದರು. ಅರುಣಾ ಪಕ್ಕದಲ್ಲಿ, ನಾನು ಹಿಂದೆ. ಇಂಜಿನ್ ಢಬಢಬ ಎಂದು ಹೊಗೆಯುಗುಳಿ ನಡುಹೊಳೆಯವರೆಗೆ ಒಯ್ದು, ಇಷ್ಟು ನೀರನ್ನು ಯಾವ ಗದ್ದೆಗೆ ಎತ್ತುವುದೆಂದು ಗಾಬರಿಯಾಯಿತೋ ಏನೋ, ನಿಂತುಬಿಟ್ಟಿತು. ನಾನು ಇಂಜಿನ್ನಿನ ಹಗ್ಗ ಎಳೆದೇ ಎಳೆದೆ. ದಂಡೆಯಿಂದ ಒಂದು ಹರಿಗೋಲು ನಮ್ಮ ಕಡೆ ಹೊರಟಿತು.

"ಬಿಡ್ರಿ ಅಳಿಯಾರ, ಸಪ್ಪಳ ನಿಂತಿದ್ದು ಚಲೋ ಆತು" ಎಂದರು ಅತ್ತೆ. ಬಗ್ಗಿ, ಬೊಗಸೆಯಲ್ಲಿ ಹೊಳೆಯ ನೀರೆತ್ತಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಹಲಗೆಗಳ ಸಂದಿಯ ಮೇಲೆ ಬೆರಳಾಡಿಸಿ ಮೆಚ್ಚುಗೆಯಿಂದ ನನ್ನತ್ತ ನೋಡಿದರು:

"ನಿಮ್ಮ ಮಾವನೂ ಹೊಳಿಗೆ ಇಳಿಸೂಕಿಂತ ಮೊದಲ ಹೀಂಗ ವಾರಗಟ್ಲೆ ನೀರು ತುಂಬಿಡ್ತಿದ್ರು. ನೆನೆದು ಹಲಗಿ ಉಬ್ಬಿದ್ರನ ಸಂದಿ ಕೂಡತಾವು, ಒಣ ದೋಣಿ ಮುಳುಗತೈತಿ ಅಂತಿದ್ರು. ಅದನ್ನ ಹೇಳಬೇಕಂದ್ರ ನೀವು ಫೋನಿನ್ಯಾಗ ಬಿಡಲೇ ಇಲ್ಲ. ನಿಮಗ ಯಾರು ಕಲಿಸಿದ್ರು ಇದನ್ನ?"

ನಾನು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ವಿನಯದಿಂದ ತಲೆ ತಗ್ಗಿಸಿ ಮೊದಲ ಅಕ್ಷರ ಹುಡುಕುತ್ತಿದ್ದೆ. ಅರುಣಾ ಶೇಂಗಾ ಹೋಳಿಗೆ ಮುರಿದು ತಾಯಿಯ ಕೈಗಿಡುತ್ತ ಹೇಳಿದಳು:

"ಯಾರೂ ಕಲಿಸಿಲ್ಲವ್ವ. ನಳ ಬಂದಿತ್ತು."

ಅತ್ತೆ ನಕ್ಕ ನಗುವಿಗೆ ದೋಣಿ ಅಲುಗಾಡಿತು. ಹರಿಗೋಲಿನವನು ನಮ್ಮನ್ನು ಕಟ್ಟಿ ಎಳೆದು ದಂಡೆ ಮುಟ್ಟಿಸುವವರೆಗೂ ಅವರ ನಗು ನಿಲ್ಲಲಿಲ್ಲ. ಆ ನಗುವಿಗಾಗಿ ನಾನು ಹೆಂಡತಿಗೆ, ಹರಿಗೋಲಿಗೆ, ಕೈಕೊಟ್ಟ ಇಂಜಿನ್ನಿಗೆ, ನಮ್ಮೂರ ನಳಕ್ಕೆ ಜನ್ಮವಿಡೀ ಋಣಿ.

ದೋಣಿ ಈಗಲೂ ನಮ್ಮ ಅಂಗಳದಲ್ಲಿದೆ. ಮುಂದಿನ ಸಂಕ್ರಾಂತಿಗೆ ಸೀರೆ ಯಾವುದು ಉಡಬೇಕೆಂದು ಅತ್ತೆ ಈಗಲೇ ಕೇಳುತ್ತಿದ್ದಾರೆ. ನಳ ಬಂದ ದಿನ ಪೈಪು ಹಿಡಿದು ದೋಣಿಯತ್ತ ಓಡುವವನು ಈಗ ನಾನೇ. ಅಡುಗೆಮನೆಯಿಂದ ಅರುಣಾಳ ದನಿ ತಪ್ಪದೆ ಬರುತ್ತದೆ:

"ಮೊದಲ ಕುಡಿಯಾಕ ಒಂದು ಕೊಡ ಹಿಡೀರಿ. ಆಮ್ಯಾಲ ನಿಮ್ಮ ಹಡಗ."