ನಗಿಸುವವರ ಹೆಂಡತಿ

ಊರನ್ನೆಲ್ಲ ನಗಿಸುವವರನ್ನು ಕಟ್ಟಿಕೊಂಡ ಮೇಲೆ ಇಂಥವು ಆಗುತ್ತಲೇ ಇರುತ್ತವೆ. ನಗು ಊರಿಗೆ, ಉಳಿದದ್ದು ಮನೆಗೆ.

ಬೆನ್ನು

ತೊಂಬತ್ತರ ದಶಕದಲ್ಲಿ ನಮ್ಮವರು ಸಾಲಿ ಮಾಸ್ತರಿಕೆ ಬಿಟ್ಟು ನಾಟಕಕ್ಕೆ ಇಳಿದರು. ಒಂದು ಸಿನೆಮಾದಲ್ಲಿ ಪಾತ್ರವೂ ಸಿಕ್ಕಿತು. ನಮ್ಮ ಧಾರವಾಡದ ಕೆಲಗೇರಿ ಕೆರೆಯಲ್ಲಿ ಶೂಟಿಂಗ್. ಎಂಥ ಪಾತ್ರ ಅಂತ ಬಾಯಿ ಬಿಡಲಿಲ್ಲ; ದಿನಾ ಕನ್ನಡಿ ಮುಂದೆ ನಿಂತು ಮುಖದ ಭಾವ ತಿದ್ದಿಕೊಂಡರು. ಸಿನೆಮಾ ಬಂದಾಗ ಮಾಳಮಡ್ಡಿಯ ನಮ್ಮ ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು ಹೋದೆ. ಇವರದು ನೀರಿನಲ್ಲಿ ಬೋರಲಾಗಿ ತೇಲುವ ಹೆಣ.

"ವೈನಿ, ನಿಮ್ಮವರು ಯಾವಾಗ ಬರ್ತಾರ?" ಪಕ್ಕದ ಮನೆಯಾಕೆ ಕೇಳಿದಳು.

"ಬಂದು ಹೋದ್ರು. ಆ ಬೆನ್ನು ನಮ್ಮವರದು."

ಆಕೆ ಸ್ವಲ್ಪ ಯೋಚಿಸಿ, "ಛಲೋ ಮಾಡ್ಯಾರ್ರಿ," ಅಂದಳು.

ಊಟಕ್ಕೆ ಮೊದಲು

ಆಮೇಲೆ ಇವರು ಒಬ್ಬರೇ ನಿಂತು ನಗಿಸುವ ಕಾರ್ಯಕ್ರಮ ಶುರು ಮಾಡಿದರು. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯವರು ವಾರ್ಷಿಕೋತ್ಸವಕ್ಕೆ ಕರೆದರು. ನಾನೂ ಹೋಗಿದ್ದೆ. ಮಾಲಕರು ಮೈಕ್ ಹಿಡಿದು, ಬರುವ ತಿಂಗಳಿಂದ ಒಂದು ಪಾಳಿ ಬಂದ್, ಆ ಪಾಳಿಯವರಿಗೆ ಕೆಲಸವಿಲ್ಲ ಅಂದರು. ಹಿಂದೆಯೇ, "ಈಗ ಎಲ್ಲಾರೂ ಮನಸಾರೆ ನಕ್ಕು ಊಟಾ ಮಾಡ್ರಿ," ಅಂತ ಇವರ ಕೈಗೆ ಮೈಕ್ ಕೊಟ್ಟರು.

ಇವರು ಹೆಂಡತಿ ತಮ್ಮನ್ನು ಮನೆಯಿಂದ ಹೊರಗೆ ಹಾಕಿದ ಜೋಕು ಹೇಳಿದರು. ಯಾರೂ ನಗಲಿಲ್ಲ. ಹಿಂದೆ ಕೂತಿದ್ದ ಕೆಲಸಗಾರನೊಬ್ಬ ಎದ್ದು, "ಸರ, ನಿಮ್ಮನ್ನ ವೈನಿಯವರು ಸಂಜೀಕ ಒಳಗ ಕರೀತಾರ. ನಮ್ಮನ್ನ ಯಾರು ಕರೀತಾರ್ರಿ?" ಅಂದ.

ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಾಲಕರೂ ನಕ್ಕರು.

ಉಪ್ಪಿಟ್ಟು

ಎರಡು ಸಾವಿರದ ಇಸವಿಯ ಹೊತ್ತಿಗೆ ಇವರು ಟಿವಿಯಲ್ಲಿ ಬರತೊಡಗಿದರು. ಹೇಳುವುದೆಲ್ಲ ನನ್ನ ಮೇಲೆ. ನನ್ನ ಉಪ್ಪಿಟ್ಟಿನಿಂದ ಗೋಡೆ ಕಟ್ಟಬಹುದಂತೆ, ನನ್ನ ಗೊರಕೆಗೆ ಓಣಿಯ ನಾಯಿಗಳು ಊರು ಬಿಟ್ಟವಂತೆ. ಮಗಳನ್ನು ನೋಡಲು ಬಂದವರು ಉಪ್ಪಿಟ್ಟಿನ ತಾಟು ಮುಟ್ಟಲಿಲ್ಲ. "ಟಿವಿಯೊಳಗ ಕೇಳೇವ್ರಿ," ಅಂತ ಹುಡುಗನ ತಾಯಿ ನಕ್ಕಳು. ತಾಯಿಯೇ ಹಾಗಿದ್ದರೆ ಮಗಳು ಹೇಗೋ ಅಂತ ಆಮೇಲೆ ಹೇಳಿ ಕಳಿಸಿದರು. ಸಂಬಂಧ ತಪ್ಪಿತು.

ಮರುವಾರ ಇವರು ಅದನ್ನೂ ವೇದಿಕೆ ಮೇಲೆ ಹೇಳಿ ಚಪ್ಪಾಳೆ ತಗೊಂಡರು. ಮಗಳು ಅಂದಳು, "ಹೋಗ್ಲಿ ಬಿಡವ್ವಾ, ಲಗ್ನ ಆಗಲಿಲ್ಲಂದ್ರೂ ಅಪ್ಪಾಗ ಕಾರ್ಯಕ್ರಮ ಆತಲ್ಲ."

ಎರಡು ಮಾತು

ಹುಬ್ಬಳ್ಳಿಯಲ್ಲಿ ಇವರಿಗೆ ಸನ್ಮಾನ. ಶಾಲು ಹೊದಿಸಿದವರು, "ವೈನಿಯವರು ಎರಡು ಮಾತಾಡ್ಲಿ," ಅಂತ ನನ್ನನ್ನೂ ಮೇಲೆ ಹತ್ತಿಸಿದರು. ನನಗೆ ಭಾಷಣ ಬರುವುದಿಲ್ಲ. ಇದ್ದದ್ದನ್ನು ಹೇಳಿದೆ.

"ಇವರು ಮನ್ಯಾಗ ಮಾತೇ ಆಡೂದಿಲ್ರಿ. ಇವರ ದನಿ ಕೇಳಬೇಕಂದ್ರ ನಾನೂ ಟಿವಿ ಹಚ್ಚತೇನಿ."

ಜನ ನಕ್ಕರು.

"ನಗಬ್ಯಾಡ್ರಿ, ಖರೇನ ಹೇಳಾಕತ್ತೇನಿ. ಗೊರಕಿ ಹೊಡಿಯೂದೂ ಇವರೇ. ನನ್ನ ಮಗಳ ಸಂಬಂಧ ತಪ್ಪಿದ್ದು ಇವರ ಜೋಕಿನಿಂದ್ರಿ."

ಜನ ಬಿದ್ದುಬಿದ್ದು ನಕ್ಕರು. ನನಗೆ ಅಳು ಬಂತು. ಅದನ್ನೂ ನಟನೆ ಅಂದುಕೊಂಡು ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು.

ವಾಪಸು ಬರುವಾಗ ಕಾರಿನಲ್ಲಿ ಇವರು ತುಟಿ ಬಿಚ್ಚಲಿಲ್ಲ. ಈಗಲಾದರೂ ನನ್ನ ಸಂಕಟ ಇವರಿಗೆ ತಾಕಿತು ಅಂತ ನಾನೂ ಸುಮ್ಮನೆ ಕೂತೆ. ಧಾರವಾಡ ಬಂದಾಗ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು:

"ನಗಬ್ಯಾಡ್ರಿ ಅಂದಿ ನೋಡು, ಅಲ್ಲಿ ಒಂಚೂರು ನಿಲ್ಲಬೇಕಿತ್ತು. ಇನ್ನೂ ಜೋರ ನಗತಿದ್ರು."