ಕೆನ್ನೆಗೆ ಕೈಯಿಟ್ಟ ಮಂತ್ರಿಗಳು

ಚರ್ಚು ಶಾಂತವಾದ ಜಾಗ ಎನ್ನುವವರು ಅಲ್ಲಿ ಕೆಲಸ ಮಾಡಿದವರಲ್ಲ. ಕಡಬದ ಕಡೆಯ ನಮ್ಮ ಚರ್ಚನ್ನು ನಾನು ಬಹಳ ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ಈ ವರ್ಷದ್ದು ಮಾತ್ರ ಎಲ್ಲವನ್ನೂ ಮೀರಿಸಿತು.

ಲವಂಗ

ನಮ್ಮೂರಿನಲ್ಲಿ ಹಿಂದೆ ಒಬ್ಬರು ದೊಡ್ಡ ತತ್ವಜ್ಞಾನಿ ಇದ್ದರು. ಮಂತ್ರಿಯೂ ಆಗಿದ್ದರು. ಅವರ ನೆನಪಿಗೆ ಚರ್ಚಿನೊಳಗೆ ಅಮೃತಶಿಲೆಯ ಪ್ರತಿಮೆ ಬಂತು. ಕುರ್ಚಿಯಲ್ಲಿ ಕುಳಿತು, ಕೆನ್ನೆಗೆ ಕೈಯಿಟ್ಟು, ಕಣ್ಣು ಮುಚ್ಚಿದ್ದಾರೆ.

ಮೊದಲ ವಾರವೇ ಒಬ್ಬರು ಅಜ್ಜಿ ಬಂದರು. ಕೆನ್ನೆ ಊದಿತ್ತು.

"ಪಾಪ, ಇವರಿಗೂ ಹಲ್ಲುನೋವಾ?"

"ಅಲ್ಲ. ಯೋಚನೆ ಮಾಡುದು."

"ಯೋಚನೆಗೆ ಮುಖ ಹೀಗೆ ಆಗುದಿಲ್ಲ ಮಾರಾಯ್ರೆ."

ಪಾದದ ಬಳಿ ಒಂದು ಲವಂಗ ಇಟ್ಟು ಹೋದರು. ಅವರ ನೋವು ಇಳಿಯಿತು. ಸುದ್ದಿ ಬಸ್ಸು ಹತ್ತಿತು. ಸುಳ್ಯದಿಂದ, ಜಾಲ್ಸೂರಿನಿಂದ ಜನ ಬಂದರು. ನಾನು ದಿನಾ ಲವಂಗ ಗುಡಿಸಿದೆ. ನಮ್ಮ ಮನೆಯ ಸಾರಿಗೂ ಅದೇ ವಾಸನೆ.

ಬೋರ್ಡು

ಫಾದರ್ ಸಿಟ್ಟಾದರು. "ಇವರು ಸಂತರಲ್ಲ. ಭಾನುವಾರ ಇವರ ಮೊಮ್ಮಗ ಬರುತ್ತಾರೆ. ಅಷ್ಟರೊಳಗೆ ಇದು ನಿಲ್ಲದಿದ್ದರೆ ಪ್ರತಿಮೆ ಹೊರಗೆ."

ಹೊರಗೆ ಮಳೆ. ಪ್ರತಿಮೆಯನ್ನು ಒಳಗೆ ತರುವಾಗ ಹಿಡಿದವರಲ್ಲಿ ನಾನೂ ಒಬ್ಬ. ಸೊಂಟ ಇನ್ನೂ ನೆಟ್ಟಗಾಗಿಲ್ಲ. ಮತ್ತೆ ಎತ್ತಲು ನಾನಿಲ್ಲ.

ಬೋರ್ಡು ಬರೆದೆ: "ಇವರು ಸಂತರಲ್ಲ, ಮಂತ್ರಿ. ಏನೂ ಕೇಳಬೇಡಿ."

ಒಬ್ಬ ಜೀಪಿನ ಡ್ರೈವರ್ ಓದಿದ. "ಮಂತ್ರಿಯಾ? ಮೊದಲೇ ಹೇಳುದಲ್ವಾ."

ಮರುದಿನ ಲವಂಗದ ಪಕ್ಕ ರಸ್ತೆ ಡಾಮರಿಗೆ ಅರ್ಜಿ.

ಡಾಕ್ಟರು

ಶನಿವಾರ ಪುತ್ತೂರಿನ ಹಲ್ಲಿನ ಡಾಕ್ಟರೇ ಬಂದರು. ನನಗೆ ಜೀವ ಬಂತು. ಇವರು ಎರಡು ಮಾತು ಹೇಳಿದರೆ ಜನ ಕೇಳಿಯಾರು.

"ಡಾಕ್ಟ್ರೇ, ಇವರಿಗೆ ಸ್ವಲ್ಪ ಬುದ್ಧಿ ಹೇಳಿ."

ಡಾಕ್ಟರು ಪ್ರತಿಮೆಯ ಮುಂದಿನ ಜನರ ಸಾಲನ್ನು ನೋಡಿದರು. ಊದಿದ ಕೆನ್ನೆಗಳನ್ನು ಒಂದೊಂದಾಗಿ ನೋಡಿದರು. ನನ್ನನ್ನು ಪಕ್ಕಕ್ಕೆ ಕರೆದರು.

"ಗೇಟಿನ ಹತ್ರ ನಮ್ಮ ಕ್ಲಿನಿಕ್ಕಿನದೊಂದು ಬೋರ್ಡು ಹಾಕಬಹುದಾ?"

ಭಾನುವಾರ

ಚರ್ಚು ತುಂಬಿತ್ತು. ಅರ್ಧ ಜನ ಪೂಜೆಗೆ, ಅರ್ಧ ಹಲ್ಲಿಗೆ. ಫಾದರ್ ಮೊಮ್ಮಗನ ಕೈಗೆ ಮೈಕು ಕೊಟ್ಟರು.

"ನಿಮ್ಮ ಅಜ್ಜ ಹೀಗೆ ಕುಳಿತು ಯಾವ ಚಿಂತನೆಯಲ್ಲಿದ್ದರು, ಇವರಿಗೆ ನೀವೇ ಹೇಳಿ."

ನಾನು ಪೊರಕೆಯನ್ನು ಗೋಡೆಗೆ ಒರಗಿಸಿ ಮುಂದೆ ಬಂದೆ.

"ಚಿಂತನೆ ಎಂತ ಇಲ್ಲ ಫಾದರ್," ಅಂದರು ಮೊಮ್ಮಗ. "ಒಂದು ಫೋಟೊ ನೋಡಿ ಇದನ್ನು ಕೆತ್ತಿದ್ದು. ಆ ಫೋಟೊ ತೆಗೆದ ದಿವಸ ಅಜ್ಜನಿಗೆ ಹಲ್ಲುನೋವು. ಕೆನ್ನೆ ಊದಿದ್ದು ಕಾಣಬಾರದು ಅಂತ ಕೈ ಅಡ್ಡ ಇಟ್ಟದ್ದು."

ಇಡೀ ಚರ್ಚು ಎದ್ದು ನಿಂತು ಚಪ್ಪಾಳೆ ತಟ್ಟಿತು. ಹಬ್ಬಕ್ಕೂ ಅಷ್ಟು ಗದ್ದಲ ಕೇಳಿದವನಲ್ಲ ನಾನು.

ಜನ ಕರಗಿದ ಮೇಲೆ ಕೇಳಿದೆ, "ಪ್ರತಿಮೆ ಹೊರಗಿಡುದಾ ಫಾದರ್?"

ಫಾದರ್ ಆಚೆ ಈಚೆ ನೋಡಿದರು. ಹತ್ತಿರ ಬಂದು ಮೆಲ್ಲಗೆ ಹೇಳಿದರು:

"ಒಳಗೇ ಇರಲಿ. ನಿನ್ನೆಯಿಂದ ನನ್ನದೂ ಒಂದು ದವಡೆಹಲ್ಲು ಸರಿ ಇಲ್ಲ."