ಹೊಸ ಪ್ರೆಸ್ಸು, ಹಳೆ ಪ್ರೆಸ್ಸು ಮತ್ತು ನಮ್ಮಿಬ್ಬರ ಕಾರ್ಡು

“ಗಿರಿಜಾ, ಒಲಿ ಆರಿಸಿ ಬಾ! ಇತಿಹಾಸ ಆಗೂದೈತಿ ಇಲ್ಲೆ!”

ನನ್ನ ಗಂಡ ಅಂದಾನಪ್ಪನವರು ಅಂಗಡಿಯಿಂದ ಹೀಗೆ ಕೂಗಿದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಕಳೆದ ಸಲ ಇತಿಹಾಸ ಆದಾಗ ಇಡೀ ಓಣಿಗೆ ಕರೆಂಟು ಹೋಗಿತ್ತು. ಅದಕ್ಕೂ ಹಿಂದಿನ ಇತಿಹಾಸಕ್ಕೆ ನನ್ನ ಮಿಕ್ಸರ್ ಬಲಿಯಾಗಿತ್ತು. ಒಲೆ ಆರಿಸಿ, ಮೇನ್ ಸ್ವಿಚ್ ಎಲ್ಲಿದೆಯೆಂದು ಒಮ್ಮೆ ಕಣ್ಣಲ್ಲೇ ನೋಡಿಕೊಂಡು ಅಂಗಡಿಗೆ ಬಂದೆ.

ಗದಗಿನಲ್ಲಿ ನಮ್ಮದೊಂದು ಸಣ್ಣ ಪ್ರೆಸ್ಸಿದೆ. ಮುಂದೆ ಅಂಗಡಿ, ಹಿಂದೆ ಮನೆ. ಲಗ್ನದ ಕಾರ್ಡು, ಗೃಹಪ್ರವೇಶದ ಕಾರ್ಡು, ತೀರಿಕೊಂಡವರ ಶಿವಗಣಾರಾಧನೆಯ ಕಾರ್ಡು, ಎಲ್ಲ ನಮ್ಮಲ್ಲೇ ಆಗುತ್ತವೆ. ಅವರು ಮಷಿನ್ ನೋಡುತ್ತಾರೆ, ನಾನು ಪ್ರೂಫ್ ನೋಡುತ್ತೇನೆ. ನಮ್ಮ ಮುದಿ ಮಷಿನ್ ಕೈಕೊಟ್ಟ ಮೇಲೆ ಡಿಜಿಟಲ್ ಕಲರ್ ಪ್ರೆಸ್ ಕೊಳ್ಳಲೇಬೇಕಾಯಿತು. ಹೊಸದು ಕೊಳ್ಳುವುದೋ, ಯಾರಾದರೂ ಬಳಸಿದ್ದು ಕೊಳ್ಳುವುದೋ ಎಂಬ ಜಗಳದಲ್ಲಿ ಶ್ರಾವಣವೆಲ್ಲ ಕಳೆದುಹೋಯಿತು. ಕಡೆಗೆ ಇವರು ಎರಡನ್ನೂ ಟ್ರಯಲ್‌ಗೆಂದು ತರಿಸಿ ಅಂಗಡಿಯಲ್ಲಿ ಎದುರುಬದುರು ನಿಲ್ಲಿಸಿದರು. ಒಂದು ಕಂಪನಿಯಿಂದ ಬಂದ ಹೊಚ್ಚಹೊಸದು. ಇನ್ನೊಂದು ಹುಬ್ಬಳ್ಳಿಯ ಹಿರೇಮಠರು ಬಳಸಿದ್ದು. ಸಂಜೆ ಮಾರುವವರಿಬ್ಬರೂ ಬರುವವರಿದ್ದರು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸು ಕಳಿಸಬೇಕು.

ಎರಡರ ನಡುವೆ ಸ್ಟೂಲಿನ ಮೇಲೊಂದು ತಗಡಿನ ಪೆಟ್ಟಿಗೆ ಕುಳಿತಿತ್ತು. ಅದರ ಹಣೆಗೆ ನಮ್ಮ ಹಳೆ ಸ್ಕೂಟರಿನ ಸ್ಪೀಡೋಮೀಟರ್! ಹೊಟ್ಟೆಯೊಳಗೆ ಗುರ್ ಎನ್ನುತ್ತಿದ್ದದ್ದು ನನ್ನ ಮಿಕ್ಸರಿನ ಮೋಟಾರು!

“ಇದಕ್ಕ ಮುನ್ನೋಟ ಪೆಟಗಿ ಅಂತ ಹೆಸರಿಟ್ಟೀನಿ,” ಎಂದು ಇವರು ಎದೆಯುಬ್ಬಿಸಿದರು. “ಪ್ರೆಸ್ಸಿಗೆ ಇದನ್ನ ಜೋಡಿಸಿ ಮುಳ್ಳು ತಿರುವಿದ್ರ, ಆ ಪ್ರೆಸ್ಸು ಹತ್ತು ವರ್ಷದ ಮ್ಯಾಲೆ ಪ್ರಿಂಟ್ ಮಾಡೂ ಹಾಳಿ ಇವತ್ತ ಹೊರಗ ಬರತೈತಿ! ಯಾವುದರ ಕಲರ್ ಚಂದ ಉಳದಿರತೈತೋ ಅದನ್ನ ತಗೊಳ್ಳೂದು. ಜಗಳನ ಇಲ್ಲ!”

ಪರೀಕ್ಷೆಗೆಂದು ಮೊದಲು ಮುಳ್ಳನ್ನು ಬರೀ ಒಂದು ತಾಸು ಮುಂದಕ್ಕೆ ತಿರುಗಿಸಿ ಹಿರೇಮಠರ ಹಳೆ ಪ್ರೆಸ್ಸಿಗೆ ಜೋಡಿಸಿದರು. ‘ಚಿ. ಸಮನ್ವಿಯ ಮೊದಲ ಹುಟ್ಟುಹಬ್ಬ’ ಎಂಬ ಕಾರ್ಡು ಬಂತು. ಯಾವ ಸಮನ್ವಿ, ಏನು ಕತೆ ಎಂದು ನಾನು ನಕ್ಕೆ. ಒಂದು ತಾಸಿಗೆ ಸರಿಯಾಗಿ ಒಬ್ಬರು ಮಗುವನ್ನೆತ್ತಿಕೊಂಡು ಬಂದರು. ಮಗುವಿನ ಹೆಸರು ಸಮನ್ವಿ. ಅರ್ಜೆಂಟಾಗಿ ಒಂದು ಸ್ಯಾಂಪಲ್ ಕಾರ್ಡು ಬೇಕಿತ್ತಂತೆ. ನನ್ನ ನಗು ಅಲ್ಲಿಗೇ ನಿಂತಿತು.

“ಸಾಕ್ರೀ, ಇದು ನನಗ ಸರಿ ಕಾಣವಲ್ದು. ಬಂದ್ ಮಾಡ್ರಿ,” ಎಂದೆ.

ಕೇಳಿದರೆ ತಾನೆ! ಮುಳ್ಳನ್ನು ಹತ್ತು ವರ್ಷಕ್ಕೆ ತಿರುಗಿಸಿ ಹೊಸ ಪ್ರೆಸ್ಸಿಗೆ ಜೋಡಿಸಿಯೇಬಿಟ್ಟರು. ಹಾಳೆ ಹೊರಬಂದದ್ದೇ ತಡ, ಭೂತಗನ್ನಡಿ ಹಿಡಿದು ಕುಣಿದರು. “ಆಹಾ! ಹತ್ತು ವರ್ಷ ಆದ್ರೂ ಕಪ್ಪು ಹೆಂಗೈತಿ ನೋಡು! ಫೋಟೋದಾಗ ಮೈಬಣ್ಣ ನೋಡು, ಜೀವಕಳಿ ಐತಿ!”

ಅವರು ಅಚ್ಚಿನ ಬಣ್ಣದ ಚುಕ್ಕೆ ನೋಡುವವರು, ನಾನು ಅಕ್ಷರ ಓದುವವಳು. ಓದಿದೆ. ‘ಲಿಂಗೈಕ್ಯ ಶ್ರೀ ಅಂದಾನಪ್ಪ ಕಡಗದ ಇವರ ಶಿವಗಣಾರಾಧನೆ.’

“ಅಯ್ಯ ಶಿವನ! ರೀ, ಅದು ನಿಮ್ಮ ಫೋಟೋ ರೀ!”

“ಅದನ್ನ ಹೇಳಾಕತ್ತೀನಿ, ಮೈಬಣ್ಣ ಥೇಟ್ ನಂದ...” ಎಂದವರು ಭೂತಗನ್ನಡಿ ಇಳಿಸಿದರು. ಗಕ್ಕನೆ ಕುರ್ಚಿಯಲ್ಲಿ ಕುಳಿತರು. ನಾನು ನೀರು ಕೊಟ್ಟೆ, ಅರ್ಧ ನಾನೇ ಕುಡಿದಿದ್ದೆ.

“ಬ್ಯಾಡ್ರೀ ಈ ಹೊಸಾದು! ಹಳೇದನ್ನ ತಗೊಳ್ಳೂಣು!” ಎಂದು ನಾನು ಅಳುತ್ತಲೇ ಪೆಟ್ಟಿಗೆಯ ವೈರು ಕಿತ್ತು ಹಳೆ ಪ್ರೆಸ್ಸಿಗೆ ಸಿಕ್ಕಿಸಿದೆ. ಅದು ಒಂದಿಷ್ಟು ಕೆಮ್ಮಿ ಒಂದು ಹಾಳೆ ಹೊರಹಾಕಿತು. ಬಣ್ಣ ಮಂಕು, ಅಂಚಿಗೆ ಗೆರೆ. ಆದರೆ ಅಕ್ಷರ ಸ್ಪಷ್ಟವಾಗಿತ್ತು. ‘ಲಿಂಗೈಕ್ಯ ಶ್ರೀಮತಿ ಗಿರಿಜಾ ಅಂದಾನಪ್ಪ ಕಡಗದ ಇವರ ಶಿವಗಣಾರಾಧನೆ.’

ಇವರು ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಏನಾದರೂ ಸಮಾಧಾನ ಹೇಳುತ್ತಾರೆಂದು ಕಾದೆ.

“ಕಲರ್ ಅಷ್ಟೇನ್ ಕೆಟ್ಟಿಲ್ಲ,” ಎಂದರು.

“ಓಹೋ! ನಾ ಸತ್ರ ನಡಿಯತೈತಿ, ಕಲರ್ ಕೆಡಬಾರದು!”

“ಬಾಯಿ ತಪ್ಪಿ ಬಂತ ಮಾರಾಯ್ತಿ!”

“ಬಾಯಿ ತಪ್ಪಿಲ್ಲ, ಬುದ್ಧಿ ತಪ್ಪೈತಿ!”

ಕಿತ್ತಾಡುತ್ತಲೇ ಕಾರಣವನ್ನೂ ಹುಡುಕಿದೆವು. ಹೊಸದನ್ನು ಕೊಂಡರೆ ತಿಂಗಳು ತಿಂಗಳು ಕಂತು ಕಟ್ಟುವ ಚಿಂತೆಯಲ್ಲಿ ಇವರ ಎದೆ ಒಡೆಯುತ್ತದೆ. ಹಳೆಯದನ್ನು ಕೊಂಡರೆ ದಿನಾ ಕೆಟ್ಟು ನಿಲ್ಲುತ್ತದೆ, ಗಿರಾಕಿಗಳಿಗೆ ಉತ್ತರ ಕೊಟ್ಟು ಕೊಟ್ಟು ನನ್ನ ಬಿಪಿ ನೆತ್ತಿಗೇರುತ್ತದೆ. ಎರಡೂ ನಿಜವೆನಿಸಿತು. ಯಾವುದೂ ಬೇಡವೆಂದರೆ ಅಂಗಡಿಗೆ ಬೀಗ ಹಾಕಬೇಕು.

ಅಷ್ಟರಲ್ಲಿ ಹೊರಗೆ ಗೋಳೋ ಎಂಬ ಅಳು. ಪಕ್ಕದ ಬೈಂಡಿಂಗ್ ಅಂಗಡಿಯ ಮೌಲಾಸಾಬರು! ಗಾಳಿಗೆ ಹಾರಿ ತಮ್ಮ ಬಾಗಿಲಿಗೆ ಬಿದ್ದ ಇವರ ಕಾರ್ಡನ್ನು ಓದಿ, ಪೇಟೆಗೆ ಓಡಿ ಹಾರ ತಂದಿದ್ದರು.

“ಅಕ್ಕಾರ, ಮುಂಜಾನಿ ಇನ್ನೂ ನನ್ನ ಜೋಡಿ ಚಾ ಕುಡದಿದ್ರಲ್ರೀ ಅಣ್ಣಾರು! ಎಂಥಾ ಮನಶ್ಯಾ!”

ನನ್ನ ಹಿಂದೆ ಕುರ್ಚಿಯಿಂದ ಆ ‘ಅಣ್ಣಾರೇ’ ಎದ್ದು, “ಮೌಲಾಸಾಬ್, ಖರೇ ಹೇಳ್ರಿ, ಕಪ್ಪು ಹೆಂಗ ಬಂದೈತಿ?” ಎಂದು ಕೇಳಿದರು. ಮೌಲಾಸಾಬರು ಹಾರ ಬಿಟ್ಟು, ಚಪ್ಪಲಿ ಬಿಟ್ಟು, ಓಣಿ ದಾಟುವವರೆಗೂ ಓಡಿದರು. ಅವರನ್ನು ಹಿಡಿದು ತಂದು, ಮುಟ್ಟಿಸಿ ತೋರಿಸಿ, ಸಕ್ಕರೆ ನೀರು ಕುಡಿಸುವುದರೊಳಗೆ ಸಂಜೆಯಾಯಿತು.

ಮಾರುವವರಿಬ್ಬರೂ ಬಂದರು. ನಾನು ಚಹಾ ಕೊಡುವ ನೆಪದಲ್ಲಿ ಹಿರೇಮಠರನ್ನು ಅಡುಗೆಮನೆಯ ಬಾಗಿಲಿಗೆ ಕರೆದು ಮೆಲ್ಲಗೆ, “ನಿಮ್ಮ ಹಳೇದು ಇಲ್ಲೇ ಇರಲ್ರಿ, ಇವರಿಗೆ ಈಗ ಹೇಳಬ್ಯಾಡ್ರಿ,” ಎಂದೆ. ನನ್ನ ಗಂಡನ ಫೋಟೋ ಇರುವ ಕಾರ್ಡಿನ ಪ್ರೂಫ್ ನಾನು ನೋಡಲಾರೆ, ದೇವರಾಣೆ ಆಗುವುದಿಲ್ಲ. ನಾನೇ ಹೋದರೆ ಆ ಕೆಲಸ ನನ್ನ ಪಾಲಿಗೆ ಬರುವುದಿಲ್ಲವಲ್ಲ!

ಹಿರೇಮಠರು ಕೈಬೀಸಿಕೊಂಡು ಹೋದರು. ಹಿಂದೆಯೇ ಕಂಪನಿಯವರೂ ಕೈಬೀಸಿಕೊಂಡು ಹೋದರು. ಎರಡು ಪ್ರೆಸ್ಸೂ ಅಲ್ಲೇ ನಿಂತಿದ್ದವು.

“ಕಂಪನಿಯವರು ತಮ್ಮದನ್ನ ಯಾಕ ಒಯ್ಯಲಿಲ್ರಿ?” ಎಂದೆ.

“ಹಿರೇಮಠರು ಯಾಕ ಒಯ್ಯಲಿಲ್ಲ?” ಎಂದರು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಇವರು ಕಂಪನಿಯವರ ಕಿವಿಯಲ್ಲಿ ಹೊಸದು ಇರಲಿ ಎಂದುಬಿಟ್ಟಿದ್ದರು!

“ಹುಚ್ಚಿದ್ದೀರೇನ್ರೀ? ಅದರಾಗ ನಿಮ್ಮ ಹೆಸರೈತಿ!”

“ನಿನ್ನ ಕಾರ್ಡನ್ನ ನಾ ಹೆಂಗ ಪ್ರಿಂಟ್ ಮಾಡ್ಲಿ? ನನ್ನ ಕೈಲಿ ಆಗೂದಿಲ್ಲವಾ ಗಿರಿಜಾ,” ಎಂದು ಇವರು ಗೋಡೆಯ ಕಡೆ ತಿರುಗಿದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಇವರು ಅತ್ತದ್ದನ್ನು ನಾನು ನೋಡಿದ್ದು ಅಂದೇ. ನಾನೂ ಅತ್ತೆ.

ಆಮೇಲೆ ಭಯ ಮತ್ತೆ ಏರಿತು. ಒಂದು ಪ್ರೆಸ್ಸಿಗೆ ಒಬ್ಬರಾದರೆ, ಎರಡಕ್ಕೆ? ನಾನು ಬೇಡ ಬೇಡವೆಂದರೂ ಇವರು ಪೆಟ್ಟಿಗೆಯನ್ನು ಎರಡಕ್ಕೂ ಜೋಡಿಸಿದರು. ಮೋಟಾರು ಗುರ್ ಎಂದಿತು. ಹಾಳೆ ಬಂತು. ಒಂದು ಕಣ್ಣು ಮುಚ್ಚಿ, ಒಂದು ಕಣ್ಣಲ್ಲಿ ಓದಿದೆ.

‘ಮಾರಾಟಕ್ಕಿವೆ! ಎರಡು ಡಿಜಿಟಲ್ ಕಲರ್ ಪ್ರೆಸ್. ಗಂಡ-ಹೆಂಡತಿ ಜೋಪಾನವಾಗಿ ಬಳಸಿದ್ದು, ಒಳ್ಳೆಯ ಸ್ಥಿತಿ. ಸಂಪರ್ಕಿಸಿ: ಅಂದಾನಪ್ಪ ಅಥವಾ ಗಿರಿಜಾ ಕಡಗದ. ವಿ.ಸೂ.: ಇಬ್ಬರಿಗೂ ಕಿವಿ ಮಂದ. ಫೋನಿನಲ್ಲಿ ದಯವಿಟ್ಟು ಜೋರಾಗಿ ಮಾತಾಡಿ.’

“ಇಬ್ಬರೂ ಅದೀವಿ!” ಎಂದು ಕಿರುಚಿದೆ. ಹಳೆಯದು ಕೆಟ್ಟ ದಿನ ಹೊಸದು ಓಡುತ್ತದೆ, ಹೊಸದರ ಕಂತಿಗೆ ಹಳೆಯದೂ ದುಡಿಯುತ್ತದೆ. ಇಷ್ಟು ಸುಲಭದ್ದು ನಮಗೆ ಹೊಳೆದಿರಲಿಲ್ಲ! ಖುಷಿಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಹಾಕಿಕೊಂಡು ರೊಟ್ಟಿ ಉಂಡು ಮಲಗಿದೆವು. ಪೆಟ್ಟಿಗೆಯನ್ನು ಬಂದ್ ಮಾಡುವುದನ್ನು ಮಾತ್ರ ಇಬ್ಬರೂ ಮರೆತೆವು.

ಬೆಳಗ್ಗೆ ಎದ್ದು ನೋಡಿದರೆ ಇದ್ದ ಕಾಗದವೆಲ್ಲ ಖಾಲಿ, ಪ್ರೆಸ್ಸಿನ ಬಾಯಲ್ಲಿ ಸಿಕ್ಕಿಕೊಂಡ ಒಂದು ಹಾಳೆಯ ಮೇಲೆ ‘ಮಾರಾಟಕ್ಕಿವೆ’! ಉಳಿದ ಹಾಳೆಗಳೇ ಇರಲಿಲ್ಲ. ಬಾಗಿಲಲ್ಲಿ ಮೌಲಾಸಾಬರು ನಗುತ್ತ ನಿಂತಿದ್ದರು.

“ಕಿಡಕ್ಯಾಗಿಂದ ಹಾರಿ ಹೊರಗ ಕಟ್ಟಿ ಮ್ಯಾಲೆಲ್ಲ ಬಂದು ಬಿದ್ದಿದ್ದುವ್ರೀ. ನಿನ್ನೆ ನನ್ನ ಕೈಲೆ ತಪ್ಪಾತಲ್ಲ, ಅದಕ್ಕ ಸೇವಾ ಮಾಡೀನಿ. ಊರಾಗಿನ ಅಷ್ಟೂ ಪೇಪರಿನಾಗ ಇಟ್ಟು ಹಂಚಿಸೀನಿ!”

ಅವರ ಮಾತು ಮುಗಿಯುವುದರೊಳಗೆ ಫೋನು ಬಡಿದುಕೊಂಡಿತು. ಆವತ್ತಿನಿಂದ ಇವತ್ತಿನವರೆಗೆ ನಿಂತಿಲ್ಲ. ಮಾರುವುದು ಹತ್ತು ವರ್ಷದ ಮೇಲೆ ಎಂದು ಹೇಳಲು ನಾವು ಬಾಯಿ ತೆರೆಯುವಷ್ಟರಲ್ಲಿ, ಚೀಟಿಯ ಕೊನೆಯ ಸಾಲು ಓದಿದ ಪುಣ್ಯಾತ್ಮರು ಹೊಟ್ಟೆಯಿಂದ ಒದರುತ್ತಾರೆ. “ಹಲೋ! ಪ್ರೆಸ್ ಕೊಡ್ತೀರೇನ್ರೀ! ಕೇಳಸ್ತೈತೇನ್ರೀ!”

ನಿನ್ನೆ ಡಾಕ್ಟರ ಹತ್ತಿರ ಹೋಗಿದ್ದೆವು. ಇಬ್ಬರಿಗೂ ಬಲಗಿವಿ ಈಗಾಗಲೇ ಸ್ವಲ್ಪ ಮಂದವಾಗಿದೆಯಂತೆ.